ತೋಳಿಗೆ ವ್ರತವಿರಲಿಲ್ಲ

ಆರೋಗ್ಯ ಇಲಾಖೆಯ ಮೇಲಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಕಳೆದ ಫಾಲ್ಗುಣದಲ್ಲಿ ನಮ್ಮ ಸೀಮೆಯ ಧರ್ಮಾಸ್ಪತ್ರೆಗೆ ಹೊಸ ಕಟ್ಟಡವಾಯಿತೆಂದು ಬಾಗಿಲು ತೆರೆಯಲು ತಾವು ದಯಮಾಡಿಸಿದ್ದಿರಿ. ಹಾರ ಹಾಕಿಸಿಕೊಂಡು ಮೈಕಿನ ಮುಂದೆ ನಿಂತು, ಸರ್ಕಾರ ಏನೇನು ಮಾಡಿದೆ ಎಂದು ಹೇಳಿ, ಕೊನೆಗೆ ಒಂದು ದೃಷ್ಟಾಂತ ಕೊಟ್ಟಿರಿ. "ಇದೇ ಆಸ್ಪತ್ರೆಗೆ ಬಂದ ಒಬ್ಬ ಜೈನ ಹೆಂಗಸು, ರಾತ್ರಿ ಬಾಯಿಗೆ ಏನೂ ಹಾಕುವುದಿಲ್ಲ ಎಂಬ ಮೂಢನಂಬಿಕೆಯಿಂದ ಮಾತ್ರೆ ನಿರಾಕರಿಸಿ ಸತ್ತಳು. ಕೊಟ್ಟ ಮದ್ದನ್ನು ನುಂಗದವರನ್ನು ಸರ್ಕಾರ ಹೇಗೆ ಉಳಿಸಬೇಕು?" ಎಂದಿರಿ. ಅಷ್ಟಕ್ಕೇ ಬಿಡಲಿಲ್ಲ. "ಕ್ರಿಮಿಗಳಿಗೂ ಅಹಿಂಸೆ ತೋರಿಸಿದರೋ ಏನೋ!" ಎಂದು ಸೇರಿಸಿದಿರಿ. ಮುಂದಿನ ಕುರ್ಚಿಗಳಲ್ಲಿ ಕೂತಿದ್ದವರು ನಕ್ಕರು. ಹಿಂದಿನವರು, ಮುಂದಿನವರು ನಕ್ಕರೆಂದು ನಕ್ಕರು.

ಆ ಹೆಂಗಸಿನ ಹೆಸರು ಪುಷ್ಪಮ್ಮ. ನನ್ನ ಓರಗಿತ್ತಿ, ಎಂದರೆ ನನ್ನ ಗಂಡನ ತಮ್ಮನ ಹೆಂಡತಿ. ಅವಳು ಮದ್ದನ್ನು ನಿರಾಕರಿಸಲಿಲ್ಲ. ಮದ್ದು ಬೇಕೆಂದು ತೋಳು ಚಾಚಿದಳು. ನಿರಾಕರಿಸಿದ್ದು ತಮ್ಮ ಆರ್ಡರು. ಈ ಮಾತನ್ನು ಅಂದೇ ಹೇಳಬಹುದಿತ್ತಲ್ಲ ಎಂದು ಕೇಳುತ್ತೀರೇನೋ. ನಾನು ಹೆಂಗಸರ ಕಡೆಯ ಚಾಪೆಯ ಮೇಲೆ ಕೂತಿದ್ದೆ. ಮೈಕು ತಮ್ಮ ಹತ್ತಿರ ಇತ್ತು. ಅದಕ್ಕೇ ಈಗ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ತಾವು ಹತ್ತು ಜನರ ಎದುರಿಗೆ ಹೇಳಿದ ಮಾತಿಗೆ ಲಕೋಟೆಯೊಳಗೆ ಉತ್ತರ ಕೊಟ್ಟರೆ ಅದು ಉತ್ತರವಾಗುವುದಿಲ್ಲ.

ನಾನು ಹೆಚ್ಚು ಓದಿದವಳಲ್ಲ. ಊರಿನ ಶಾಲೆಯಲ್ಲಿ ಕಲಿತದ್ದೆಷ್ಟೋ ಅಷ್ಟು, ಆಮೇಲೆ ಬಸದಿಯಲ್ಲಿ ಪುರಾಣ ಓದಿ ಓದಿ ಕಣ್ಣಿಗೆ ಅಭ್ಯಾಸವಾದದ್ದು. ನಮ್ಮ ಹಳ್ಳಿ ಹುಂಚದಿಂದ ನಡೆದು ಹೋಗುವಷ್ಟು ದೂರ. ವೈದ್ಯಶಾಸ್ತ್ರದ ವಿಷಯದಲ್ಲಿ ತಮಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ನೋಡಿದ್ದನ್ನು ನೋಡಿದ ಹಾಗೆ ಹೇಳಲು ಪದವಿ ಬೇಕಿಲ್ಲವಷ್ಟೆ. ತಾವು ಅವಳನ್ನು ನೋಡಿಲ್ಲ. ನಾನು ಮೂವತ್ತು ವರ್ಷ ಅವಳ ಜೊತೆ ಒಂದೇ ಒಲೆಯ ಮುಂದೆ ಕೂತವಳು.

ಮೊದಲು ನಮ್ಮ ವ್ರತದ ಮಾತು. ತಾವು ನಗೆಯಾಡಿದ್ದು ಅದನ್ನೇ ಅಲ್ಲವೇ? ಸೂರ್ಯ ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ. ಕತ್ತಲೆಯಲ್ಲಿ ಕಾಣದ ಜೀವ ತುತ್ತಿನ ಜೊತೆ ಒಳಗೆ ಹೋಗಿ ಸಾಯಬಾರದು ಎಂದು ಹಿರಿಯರು ಮಾಡಿದ ನೇಮ. ವರ್ಷವೆಲ್ಲ ಹೀಗೆ. ಆಷಾಢದಿಂದ ಕಾರ್ತಿಕದವರೆಗಿನ ಚತುರ್ಮಾಸದಲ್ಲಿ ಮಾತ್ರ, ಇಷ್ಟವಿದ್ದವರು ಬಸದಿಯಲ್ಲಿ ಕೈಮುಗಿದು ನಿಂತು ಇನ್ನೂ ಬಿಗಿಯಾದ ಸಂಕಲ್ಪ ಮಾಡುತ್ತಾರೆ. ಹೊತ್ತು ಮುಳುಗಲು ಎರಡು ಗಳಿಗೆ ಇರುವಾಗಲೇ ಬಾಯಿ ಮುಚ್ಚಿದರೆ, ಮರುದಿನ ಹೊತ್ತು ಹುಟ್ಟಿ ಎರಡು ಗಳಿಗೆಯಾಗುವ ತನಕ ನೀರೂ ಇಲ್ಲ. ಪುಷ್ಪಮ್ಮ ಹೋದ ವರ್ಷ ಈ ಸಂಕಲ್ಪ ಮಾಡಿದ್ದಳು. ನಾನೂ ಮಾಡಿದ್ದೆ. ಯಾರೂ ಒತ್ತಾಯ ಮಾಡಿದ್ದಲ್ಲ. ತಾವು ಗುರುವಾರ ಉಪವಾಸವಿರಬಹುದು, ಇಲ್ಲದಿದ್ದರೆ ತಮ್ಮ ಮನೆಯವರು ಇರಬಹುದು. ಅದನ್ನು ಮೈಕಿನಲ್ಲಿ ಹೇಳಿ ಯಾರಾದರೂ ನಗಿಸಿದರೆ ತಮಗೆ ಹೇಗಾದೀತು?

ಶ್ರಾವಣದ ಒಂದು ಶುಕ್ರವಾರ ಪದ್ಮಾವತಿಯಮ್ಮನವರಿಗೆ ಏರಿಸಲೆಂದು ಹೊಳೆಯಂಚಿಗೆ ಕೇದಿಗೆ ಕೀಳಲು ಹೋದಳು. ಕೇದಿಗೆಯ ಗರಿಗೆ ಎರಡು ಕಡೆಯೂ ಗರಗಸದಂಥ ಮುಳ್ಳು. ಒಂದು ಮುಳ್ಳು ಕಾಲಿನ ಹರಡಿನ ಮೇಲೆ ಮುರಿದುಕೊಂಡು ಒಳಗೇ ಉಳಿಯಿತು. ಹೂವು ತಂದು ಪೂಜೆ ಮಾಡಿಸಿ, ಸಂಜೆ ಸೂಜಿಯಿಂದ ಕೆದಕಿ ತೆಗೆದಳು. ಅರಿಸಿನ ಹಚ್ಚಿದೆವು. ಎರಡು ದಿನಕ್ಕೆ ಕಾಲು ಬಾಳೆಯ ದಿಂಡಿನ ಹಾಗೆ ಬಾತಿತು. ಚಳಿ ಜ್ವರ ಬಂತು. ಹರಡಿನಿಂದ ಮೊಣಕಾಲಿನ ಕಡೆಗೆ ಕುಂಕುಮದಲ್ಲಿ ಗೆರೆ ಎಳೆದ ಹಾಗೆ ಕೆಂಪಗೆ ಏರತೊಡಗಿತು. ಅದನ್ನು ನೋಡಿದ ಕೂಡಲೇ ಅವಳ ಗಂಡ, ನನ್ನ ಮೈದುನ ಧರಣಪ್ಪ ಬೆಳಗಿನ ಬಸ್ಸಿಗೆ ಅವಳನ್ನು ಎತ್ತಿ ಕೂರಿಸಿದ. ಮಂತ್ರ ಹಾಕಿಸುತ್ತಾ ಕೂರಲಿಲ್ಲ, ದಯವಿಟ್ಟು ಗಮನಿಸಬೇಕು. ತಮ್ಮ ದೃಷ್ಟಾಂತದ ಮೂಢರು ಮೊದಲು ಮಾಡಿದ ಕೆಲಸ, ತಮ್ಮ ಆಸ್ಪತ್ರೆಗೆ ಬಂದದ್ದು.

ಡಾಕ್ಟರು ಒಳ್ಳೆಯವರು, ಇನ್ನೂ ಹುಡುಗ ವಯಸ್ಸು. ಕಾಲು ನೋಡಿದವರೇ ಮುಖ ಸಣ್ಣ ಮಾಡಿದರು. "ಇದು ರಕ್ತಕ್ಕೆ ಏರ್ತಾ ಇದೆ. ಮಾತ್ರೆಗೆ ಬಗ್ಗೋದಲ್ಲ. ಪೆನಿಸಿಲಿನ್ ಸೂಜಿ ಬೇಕು, ಬೆಳಿಗ್ಗೆ ಒಂದು, ಸಂಜೆ ಒಂದು. ತಪ್ಪಿಸೋ ಹಾಗಿಲ್ಲ" ಎಂದರು. ಮಾತ್ರೆಗೆ ಬಗ್ಗುವುದಿಲ್ಲ ಎಂದು ಮೊದಲು ಹೇಳಿದವರು ತಮ್ಮ ಡಾಕ್ಟರೇ. ಇದನ್ನೂ ಗಮನಿಸಬೇಕು. ಒಗ್ಗುತ್ತದೋ ಇಲ್ಲವೋ ನೋಡಲು ತೋಳಿನ ಚರ್ಮದಲ್ಲಿ ಒಂದು ಚೂರು ಚುಚ್ಚಿ ಕಾಯಿಸಿದರು. ಕಾಯುತ್ತಿರುವಾಗ, ನಾವು ಜೈನರೆಂದು ತಿಳಿದು, ಅವರಿಗೂ ಸ್ವಲ್ಪ ತಮಾಷೆ ಮಾಡಬೇಕೆನಿಸಿತು.

"ಇದು ಹಳಸಿದ್ದರ ಮೇಲೆ ಬೆಳೆಯೋ ಬೂಷ್ಟಿನಿಂದ ತೆಗೆದ ಮದ್ದು ಅಮ್ಮಾ. ನಿಮಗೆ ನಡೆಯುತ್ತಾ?"

"ಹಳಸಿದ್ದು ತಿನ್ನಬಾರದು ಅಂತ ಇದೆ ಡಾಕ್ಟ್ರೇ, ಚುಚ್ಚಿಸ್ಕೊಬಾರದು ಅಂತ ಇಲ್ಲ" ಎಂದಳು ಪುಷ್ಪಮ್ಮ. ಜ್ವರದಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು, ನಾಲಿಗೆ ಮಾತ್ರ ಸರಿಯಾಗಿತ್ತು.

"ಒಳಗೆ ಲಕ್ಷಾಂತರ ಕ್ರಿಮಿ ಸಾಯ್ತವಲ್ಲ?"

"ಅವು ಬರೋ ಮುಂಚೆ ನನ್ನ ಕೇಳಿದ್ವಾ? ಸಂಜೆ ಸಾಮಾಯಿಕದ ಧ್ಯಾನಕ್ಕೆ ಕೂತಾಗ ಅವಕ್ಕೂ ಸೇರ್ಸಿ ಕ್ಷಮೆ ಕೇಳ್ತೀನಿ. ನೀವು ಚುಚ್ಚಿ."

ಡಾಕ್ಟರು ಜೋರಾಗಿ ನಕ್ಕುಬಿಟ್ಟರು. ಮಾನ್ಯರೇ, ಕ್ರಿಮಿಗಳ ಅಹಿಂಸೆಯ ಹಾಸ್ಯವನ್ನು ತಮಗಿಂತ ಮೊದಲು, ತಮಗಿಂತ ಚೆನ್ನಾಗಿ, ತನ್ನ ಕಾಲನ್ನು ತಾನೇ ನೋಡಿಕೊಂಡು ಆಡಿದವಳು ಅವಳು. ಆ ನಗೆಗೂ ತಾವು ನಗಿಸಿದ ನಗೆಗೂ ಎಷ್ಟು ದೂರ!

ದಿನಾ ಎರಡು ಹೊತ್ತು ಹಳ್ಳಿಯಿಂದ ಬಂದು ಹೋಗಲು ಬಸ್ಸಿಲ್ಲ. ಆಸ್ಪತ್ರೆಯಲ್ಲಿ ಆಗ ಮಂಚಗಳಿರಲಿಲ್ಲ. ಹಿಂಬದಿಯ ಬೀದಿಯಲ್ಲಿ ಮಾಸ್ತಮ್ಮ ಎಂಬುವಳ ಮನೆಯ ಜಗಲಿಯಲ್ಲಿ ಉಳಿದೆವು. ಮಾಸ್ತಮ್ಮ ಹಿಂದೆ ನಮ್ಮ ಮನೆಗೆ ಭತ್ತ ಕುಟ್ಟಲು ಬರುತ್ತಿದ್ದವಳು, ಈಗ ಅಲ್ಲಿ ಸೊಪ್ಪು ಮಾರುತ್ತಾಳೆ. ನಮ್ಮ ಅಡಿಗೆಗೆಂದು ಒಂದು ಮೂಲೆ ಸಾರಿಸಿ ಕೊಟ್ಟಳು. ಬೆಳಿಗ್ಗೆ ಒಂದು ಸೂಜಿ. ಸಂಜೆ, ನಾವು ಉಂಡು ಬಾಯಿ ತೊಳೆದು ಮುಗಿಸಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಇನ್ನೊಂದು. ಮೊದಲ ಸಂಜೆ ನಾನೇ ಅಳುಕಿದೆ. ಹೊತ್ತು ಮುಳುಗಿದೆಯಲ್ಲ, ಮದ್ದು ಮೈಗೆ ಹೋದರೆ ವ್ರತ ಏನಾಗುತ್ತದೆ ಎಂದೆ. ಅವಳು ನನ್ನ ಮುಖ ನೋಡಿ, "ನಾನು ಸಂಕಲ್ಪ ಮಾಡಿದ್ದು ಬಾಯಿಗೆ ಅಕ್ಕಾ. ತೋಳಿಗೆ ವ್ರತ ಇಲ್ಲ. ತೋಳಿಗೆ ಬಾಯಿ ಎಲ್ಲಿದೆ?" ಎಂದಳು. ಯಾವ ಪಂಡಿತರನ್ನು ಕೇಳಿದ್ದರೂ ಇಷ್ಟು ಸುಲಭವಾಗಿ ಹೇಳುತ್ತಿರಲಿಲ್ಲ.

ಸಂಜೆಯ ಸೂಜಿಯನ್ನು ಕಂಪೌಂಡರ್ ಸುಬ್ಬಕೃಷ್ಣಯ್ಯನವರು ಕೊಡುತ್ತಿದ್ದರು. ಸ್ಟವ್ ಮೇಲೆ ಸೂಜಿ ಕುದಿಸಿ, ಸೀಸೆಯ ಪುಡಿಗೆ ನೀರು ಹಾಕಿ ಅಲುಗಿಸಿ, ತೋಳಿಗೆ ಸ್ಪಿರಿಟ್ ಒರೆಸಿ ಚುಚ್ಚುವರು. ಕೆಂಪು ಗೆರೆ ಮೊಣಕಾಲಿಗೆ ಮುಟ್ಟಿದ್ದು ಹಿಂದಕ್ಕೆ ಇಳಿಯಿತು. ಜ್ವರ ಬಿಟ್ಟಿತು. ಬಾವು ಬತ್ತಿ ಹರಡಿನ ಮೂಳೆ ಮತ್ತೆ ಕಂಡಿತು. ಮಾಸ್ತಮ್ಮ ಕಾಲು ಮುಟ್ಟಿ ನೋಡಿ, "ನಿಮ್ಮ ಕಾಲು ನಿಮಗೇ ಸಿಕ್ತು ಬಿಡಿ ಅಮ್ಮಾ" ಎಂದಳು. ಆದರೆ ಡಾಕ್ಟರು ಎಚ್ಚರಿಸಿದ್ದರು. "ಬೂದಿ ಮುಚ್ಚಿದ ಕೆಂಡ ಇದು. ಇನ್ನೂ ಕೆಲವು ದಿನ ಎರಡು ಹೊತ್ತೂ ಸೂಜಿ ಆಗಲೇಬೇಕು" ಎಂದಿದ್ದರು. ನಾವು ಊರಿಗೆ ಹೊರಡುವ ಮಾತೇ ಆಡಲಿಲ್ಲ.

ಆಗ ಬಂದದ್ದು ತಮ್ಮ ಸವಾರಿ, ಎಂದರೆ ತಮ್ಮ ಆರ್ಡರುಗಳ ಸವಾರಿ. ಒಂದು ಆರ್ಡರು ಡಾಕ್ಟರನ್ನು ಸಿಡುಬಿನ ದಾಕು ಹಾಕಿಸಲು ಹಳ್ಳಿಗಳಿಗೆ ಕಳಿಸಿತು. ಅದು ಬೇಡದ ಕೆಲಸವೆಂದು ನಾನು ಹೇಳುವುದಿಲ್ಲ. ಸಿಡುಬಿನಲ್ಲಿ ಹೋದವರನ್ನು ನಾನೂ ಕಂಡಿದ್ದೇನೆ. ಇನ್ನೊಂದು ಆರ್ಡರು, ಡಾಕ್ಟರು ಎದುರಿಗೆ ಇಲ್ಲದೆ ಯಾರೂ ಪೆನಿಸಿಲಿನ್ ಸೂಜಿ ಹಾಕಕೂಡದು, ಆ ದಿನಗಳಲ್ಲಿ ರೋಗಿಗಳಿಗೆ ಮಾತ್ರೆ ಕೊಟ್ಟು ಕಳಿಸತಕ್ಕದ್ದು ಎಂದಿತು. ಎಲ್ಲೋ ಯಾರಿಗೋ ಆ ಸೂಜಿ ಒಗ್ಗದೆ ಕೂತಲ್ಲೇ ಜೀವ ಹೋಯಿತಂತೆ. ಅದೂ ಅಲಕ್ಷ್ಯ ಮಾಡುವ ಮಾತಲ್ಲ. ಬೇರೆ ಬೇರೆ ನೋಡಿದರೆ ಎರಡು ಆರ್ಡರೂ ಸರಿಯೇ. ಆದರೆ ಡಾಕ್ಟರಿಲ್ಲದೆ ಸೂಜಿ ಇಲ್ಲ ಎಂದು ಒಂದು ಕೈಯಲ್ಲಿ ಬರೆದು, ಇನ್ನೊಂದು ಕೈಯಲ್ಲಿ ಡಾಕ್ಟರನ್ನೇ ಕರೆಸಿಕೊಂಡರೆ, ನಡುವೆ ನಿಂತ ರೋಗಿ ಏನಾಗಬೇಕು? ಆ ಎರಡು ಕೈಗಳು ಒಬ್ಬರವೇ ಅಲ್ಲವೇ? ಒಂದಕ್ಕೆ ಇನ್ನೊಂದು ಪರಿಚಯವಿಲ್ಲವೇ?

ಆ ಸಂಜೆ ಎಂದಿನಂತೆ ಹೋದೆವು. ಮದ್ದು ಕೊಡುವ ಕಿಟಕಿಯೊಂದೇ ತೆರೆದಿತ್ತು. ಪುಷ್ಪಮ್ಮ ಸೆರಗು ಹಿಂದೆ ಸರಿಸಿ ಕಿಟಕಿಯೊಳಗೆ ತೋಳು ಚಾಚಿದಳು. ಸುಬ್ಬಕೃಷ್ಣಯ್ಯ ತಲೆ ಅಲ್ಲಾಡಿಸಿದರು.

"ಇವತ್ತಿಂದ ಎರಡು ಹೊತ್ತೂ ಇಲ್ಲಮ್ಮ. ಡಾಕ್ಟ್ರು ದಾಕು ಹಾಕ್ಸೋಕೆ ಹೋಗಿದಾರೆ. ಅವ್ರು ಎದುರಿಗಿಲ್ದೆ ಮುಟ್ಟಿದ್ರೆ ನನ್ನ ಮನೆಗೆ ಕಳಿಸ್ತಾರೆ."

"ನಿನ್ನೆ ಚುಚ್ಚಿದ್ದು ನೀವೇ ಅಲ್ವ?"

"ನಿನ್ನೆ ಅವ್ರು ಒಳಗಿದ್ರು."

"ಒಳಗೆ ಕಾಫಿ ಕುಡೀತಿದ್ರು. ನನ್ನ ತೋಳು ನೋಡಿದ್ದು ನೀವು."

"ಎಂತ ಮಾಡ್ಲಿ ಹೇಳಿ? ಹೆಂಡ್ತಿ ಮಕ್ಕಳು ಸಾಗರದಲ್ಲಿದಾರೆ. ಅಲ್ಲಿಗೆ ಬಸ್ ಚಾರ್ಜಿಗೂ ಈ ಕೆಲ್ಸನೇ ಆಗ್ಬೇಕು."

ಅವರ ಬೆನ್ನ ಹಿಂದಿನ ಗಾಜಿನ ಕಪಾಟಿನಲ್ಲಿ ಸೀಸೆಗಳು ಸಾಲಾಗಿ ಕಾಣುತ್ತಿದ್ದವು. ಬೀಗದ ಕೈ ಅವರ ಉಡಿದಾರದಲ್ಲೇ ಇತ್ತು. ಪುಷ್ಪಮ್ಮ ತೋಳು ಹಿಂದಕ್ಕೆ ತೆಗೆಯಲಿಲ್ಲ, ಮನಸ್ಸು ಬದಲಾದೀತು ಎಂದು. ಅವರು ಸ್ವಲ್ಪ ಹೊತ್ತು ನೋಡಿ, ಆ ಚಾಚಿದ ಕೈಯಲ್ಲಿ ಒಂದು ಕಾಗದದ ಪೊಟ್ಟಣ ಇಟ್ಟರು. "ಸಲ್ಫಾ ಮಾತ್ರೆ. ದಿನಕ್ಕೆ ನಾಲ್ಕು ಸಲ. ನೀರು ಜಾಸ್ತಿ ಕುಡೀರಿ. ಡಾಕ್ಟ್ರು ಬಂದ ಕೂಡಲೇ ಮತ್ತೆ ಸೂಜಿ ಸುರು ಮಾಡೋಣ" ಎಂದು ಕಿಟಕಿ ಹಾಕಿಕೊಂಡರು. ಅವರನ್ನು ನಾನು ದೂರುತ್ತಿಲ್ಲ. ಕಿಟಕಿ ಹಾಕುವಾಗ ಅವರು ನಮ್ಮ ಮುಖ ನೋಡಲಿಲ್ಲ.

ಈಗ ತಮ್ಮ ಮೂಢನಂಬಿಕೆಯ ಜಾಗಕ್ಕೆ ಬಂದೆವು. ದಯವಿಟ್ಟು ನಿಧಾನವಾಗಿ ಓದಬೇಕು. ದಿನಕ್ಕೆ ನಾಲ್ಕು ಸಲ ಎಂದರು. ರಾತ್ರಿಯೂ ಸೇರಿ ಆರಾರು ಗಂಟೆಗೆ ಒಂದು ಸಲ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ನಮ್ಮ ಕಡೆ ದಿನ ಎಂದರೆ ಹೊತ್ತು ಹುಟ್ಟಿ ಹೊತ್ತು ಮುಳುಗುವುದರೊಳಗಿನದು. ಪುಷ್ಪಮ್ಮ ಪೊಟ್ಟಣ ಬಿಚ್ಚಿ ಮಾತ್ರೆಗಳನ್ನು ಮೊರದ ಮೇಲೆ ಹರಡಿ ಯೋಚಿಸಿದಳು. ಮುಂಜಾವಿನ ಎರಡು ಗಳಿಗೆ ಕಳೆದ ಕೂಡಲೇ ಒಂದು ಸಲ, ಹೊತ್ತು ಏರಿದಾಗ ಒಂದು ಸಲ, ಮಧ್ಯಾಹ್ನ ತಿರುಗಿದ ಮೇಲೆ ಒಂದು ಸಲ, ಸಂಜೆ ಬಾಯಿ ಮುಚ್ಚುವ ಮೊದಲು ಒಂದು ಸಲ. ನಾಲ್ಕಾಯಿತು. ವ್ರತವೂ ಉಳಿಯಿತು, ಕಂಪೌಂಡರ ಮಾತೂ ಉಳಿಯಿತು. "ನೋಡಕ್ಕಾ, ದೇವ್ರಿಗೂ ಸರ್ಕಾರಕ್ಕೂ ಇಬ್ಬರಿಗೂ ಸಮ ಮಾಡಿದೆ" ಎಂದು ಖುಷಿಪಟ್ಟಳು. ಒಂದು ಮಾತ್ರೆ ಬಿಡಲಿಲ್ಲ. ಎಸೆಯಲಿಲ್ಲ. ಉಗಿಯಲಿಲ್ಲ. ಇದನ್ನು ತಾವು ನಿರಾಕರಿಸಿದಳು ಎನ್ನುತ್ತೀರಿ!

ಹಗಲು ಜ್ವರ ಇಳಿಯುತ್ತಿತ್ತು. ಅದೇ ನಮಗೆ ಮೋಸ ಮಾಡಿತು. ಬೆಳಗಾಗುವುದರೊಳಗೆ ಮೈ ಕಾದ ಹಂಚಾಗಿರುತ್ತಿತ್ತು. ಬಿಸಿಲೇರಿದ ಹಾಗೆ ಮಾತ್ರೆಯ ಗುಣವೋ ಏನೋ, ಎದ್ದು ಕೂತು ಮಾತಾಡುವಳು. ಸಂಜೆ ಮುಖ ಮತ್ತೆ ಕೆಂಪಗಾಗುವುದು. ನೀರು ಹೆಚ್ಚು ಕುಡಿಯಿರಿ ಎಂದಿದ್ದರಲ್ಲ, ಹಗಲು ಚೊಂಬುಗಟ್ಟಲೆ ಕುಡಿದಳು. ರಾತ್ರಿ ತುಟಿ ಒಣಗಿ ಬಿರಿಯುತ್ತಿತ್ತು. ಮಾಸ್ತಮ್ಮ ಒಂದು ಸಂಜೆ ಚೊಂಬು ಹಿಡಿದು ಮುಂದೆ ಕೂತಳು.

"ಒಂದ್ ಗುಟುಕು ಕುಡೀರಮ್ಮ. ಎಂಥಾ ದೇವ್ರು ನಿಮ್ದು, ಕಾಯ್ಲೆಯವ್ರ ಬಾಯಲ್ಲಿ ನೀರೂ ನೋಡಬಾರ್ದಾ?"

"ನಿನ್ನ ದೇವ್ರು ಕೋಳಿ ಕೊಡು ಅಂತದೆ, ನನ್ನ ದೇವ್ರು ನೀರು ಬಿಡು ಅಂತದೆ. ಇಬ್ರದ್ದೂ ಕಣ್ಣು ಹೊಟ್ಟೆ ಮೇಲೇ ಕಣೇ ಮಾಸ್ತಿ" ಎಂದಳು ಪುಷ್ಪಮ್ಮ. ಮಾಸ್ತಮ್ಮ ನಗಲಿಲ್ಲ. ಚೊಂಬು ಅಲ್ಲೇ ಇಟ್ಟು ಎದ್ದು ಹೋದಳು. ಬೆಳಿಗ್ಗೆ ನೋಡಿದರೆ ಚೊಂಬು ಹಾಗೇ ಇತ್ತು.

ಇಷ್ಟರ ನಡುವೆಯೂ ಅವಳು ದಿನಾ ಸಂಜೆ ಕಿಟಕಿಯ ಹತ್ತಿರ ಹೋಗುವುದನ್ನು ಬಿಡಲಿಲ್ಲ. ಕುಂಟುತ್ತ ನನ್ನ ಹೆಗಲು ಹಿಡಿದುಕೊಂಡು ಹೋಗಿ, "ಡಾಕ್ಟ್ರು ಬಂದ್ರಾ?" ಎನ್ನುವಳು. ಧರಣಪ್ಪ ದಾಕು ಹಾಕುವ ಹಳ್ಳಿಗಳನ್ನು ಹುಡುಕಿಕೊಂಡು ಹೋದ. ಇವನು ಮುಟ್ಟುವುದರೊಳಗೆ ಅವರು ಮುಂದಿನ ಹಳ್ಳಿಗೆ ಹೋಗಿರುತ್ತಿದ್ದರು. ಕೆಂಪು ಗೆರೆ ಮೊಣಕಾಲು ದಾಟಿ ತೊಡೆಗೆ ಏರಿತು. ಮೂತ್ರ ಕಡಿಮೆಯಾಗಿ, ಬಂದದ್ದೂ ಕೆಂಪಗೆ ಬಂತು. ಅದನ್ನು ಅವಳು ನಾಚಿಕೆಯಿಂದ ನನಗೆ ತಡವಾಗಿ ಹೇಳಿದಳು. ಕೇಳಿದ ಕೂಡಲೇ ಧರಣಪ್ಪ ಒಂದು ಲಾರಿಯವನ ಕಾಲು ಹಿಡಿದು, ಅವಳನ್ನು ಪೇಟೆಯ ದೊಡ್ಡಾಸ್ಪತ್ರೆಗೆ ಸಾಗಿಸಿದ.

ಅಲ್ಲಿಯ ವಯಸ್ಸಾದ ಡಾಕ್ಟರೊಬ್ಬರು ಕಾಲು ನೋಡಿದರು, ಹೊಟ್ಟೆ ಮುಟ್ಟಿದರು, ತುಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇವರು ರಾತ್ರಿ ನೀರು ಕುಡಿಯುವುದಿಲ್ಲವೇ?" ಎಂದು ಕೇಳಿದರು. ಮಾನ್ಯರೇ, ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅದನ್ನು ಮೊದಲ ದಿನವೇ ಯಾರಾದರೂ ಕೇಳಿದ್ದರೆ, ಹೌದು ಎನ್ನಲು ನಮಗೇನು ಭಯವಿತ್ತು? ಮುಚ್ಚಿಡುವ ವಿಷಯವಲ್ಲ, ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ವಿಷಯ. ಆ ಮಾತ್ರೆಯನ್ನು ರಾತ್ರಿಯೂ ಬಿಡದೆ ತೆಗೆದುಕೊಂಡರೆ ಮಾತ್ರ ಅದರ ಬಲ ಉಳಿಯುತ್ತದೆ, ನೀರಿಲ್ಲದ ಮೈಯಲ್ಲಿ ಅದೇ ಮಾತ್ರೆ ಮೂತ್ರದ ದಾರಿಯಲ್ಲಿ ಹರಳುಗಟ್ಟಿ ಕೂರುತ್ತದೆ ಎಂದು ಅವರು ನನಗೆ ತಿಳಿಯುವ ಹಾಗೆ ಹೇಳಿದರು. ನೆರೆ ಬಂದಾಗ ಕೆರೆಯ ಏರಿಗೆ ಹಗಲೆಲ್ಲ ಮಣ್ಣು ಹೊತ್ತು ಹಾಕಿ, ಸಂಜೆ ಎಲ್ಲರೂ ಮನೆಗೆ ಹೋದ ಹಾಗೆ ಆಗಿತ್ತು ನಮ್ಮ ಆರೈಕೆ.

ಆ ಸಂಜೆಯಿಂದ ಅಲ್ಲಿ ಸೂಜಿಯ ಮೇಲೆ ಸೂಜಿ ಹಾಕಿದರು. ಕೈಯ ನರಕ್ಕೆ ಸೂಜಿ ಸಿಕ್ಕಿಸಿ ಬಾಟಲಿಯ ನೀರನ್ನೂ ಬಿಟ್ಟರು. ಹೊತ್ತು ಮುಳುಗಿತ್ತು. ಪುಷ್ಪಮ್ಮನಿಗೆ ಕಣ್ಣು ತೆರೆಯಲು ಆಗುತ್ತಿರಲಿಲ್ಲ. ಆದರೂ ನರ್ಸಮ್ಮ ಬಂದ ಸದ್ದಾದ ಕೂಡಲೇ ಇನ್ನೊಂದು ತೋಳನ್ನು ತಾನೇ ಹೊರಗೆ ಚಾಚುತ್ತಿದ್ದಳು. ಬೆಳಕು ಹರಿಯುವ ಮೊದಲು ಹೋದಳು. ವ್ರತ ಮುರಿಯಲಿಲ್ಲ. ನಾನು ಅದನ್ನು ಹೊಗಳಿಕೆಯಾಗಿ ಬರೆಯುತ್ತಿಲ್ಲ. ಆದದ್ದನ್ನು ಬರೆಯುತ್ತಿದ್ದೇನೆ.

ಈಗ ನನ್ನ ಪ್ರಶ್ನೆಗಳಿಗೆ ಬರುತ್ತೇನೆ. ಕತ್ತಲಾದ ಮೇಲೆ ನಾವು ಬಾಯಿಗೆ ಬಾಗಿಲು ಹಾಕುತ್ತೇವೆ, ಡಾಕ್ಟರು ಹೋದ ಮೇಲೆ ತಾವು ಕಪಾಟಿಗೆ ಬಾಗಿಲು ಹಾಕುತ್ತೀರಿ. ನಮ್ಮದು ಮೂಢನಂಬಿಕೆಯಾದರೆ ತಮ್ಮದಕ್ಕೆ ಏನು ಹೆಸರು? ಆಡಳಿತವೇ? ನಮ್ಮ ನೇಮದಿಂದ ಕಾಣದ ಒಂದು ಹುಳುವಾದರೂ ಬದುಕೀತು ಎಂಬ ಆಸೆ ಇತ್ತು. ತಮ್ಮ ನೇಮದಿಂದ ಆ ಸಂಜೆ ಯಾರು ಬದುಕಿದರು? ಕ್ರಿಮಿಗಳೇ ಅಲ್ಲವೇ? ಹಾಗಾದರೆ ಅವಕ್ಕೆ ಅಹಿಂಸೆ ತೋರಿಸಿದವರು ಯಾರು, ಮಾನ್ಯರೇ? ಅವುಗಳಿಗೆ ನಮ್ಮ ಚತುರ್ಮಾಸವೂ ಗೊತ್ತಿಲ್ಲ, ತಮ್ಮ ಆಫೀಸಿನ ವೇಳೆಯೂ ಗೊತ್ತಿಲ್ಲ. ಅವು ರಾತ್ರಿ ಊಟ ಮಾಡುತ್ತವೆ.

ಸೂಜಿಯ ಅಪಾಯದ ವಿಷಯವನ್ನು ತಾವು ಎತ್ತಬಹುದು. ಸುಬ್ಬಕೃಷ್ಣಯ್ಯನವರು ಅಷ್ಟು ದಿನ ಕೊಟ್ಟಾಗ ಅಪಾಯವಾಗಲಿಲ್ಲ, ಮುಂದೆಯೂ ಆಗುತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳಲು ನಾನು ಯಾರು? ಆದರೆ ಹೊಳೆಯಲ್ಲಿ ಒಮ್ಮೆ ದೋಣಿ ಮಗುಚಿತೆಂದು ದೋಣಿಯನ್ನೇ ದಡಕ್ಕೆ ಕಟ್ಟಿಹಾಕಿ, ಈಜಲು ಬಾರದವರಿಗೆ ಈಜಿಕೊಂಡು ಬನ್ನಿ ಎನ್ನುವ ಅಂಬಿಗನನ್ನು ಯಾವ ಊರಿನವರು ಮೆಚ್ಚುತ್ತಾರೆ? ದೋಣಿ ಭದ್ರ ಮಾಡಬೇಕು. ಜೊತೆಗೆ ಒಬ್ಬನನ್ನು ಕೂರಿಸಬೇಕು. ಸೂಜಿ ಒಗ್ಗದಿದ್ದರೆ ತಕ್ಷಣ ಕೊಡುವ ಮದ್ದೂ ಉಂಟಂತೆ, ದೊಡ್ಡಾಸ್ಪತ್ರೆಯ ಡಾಕ್ಟರೇ ಹೇಳಿದರು. ಆ ಮದ್ದನ್ನೂ ಅದನ್ನು ಕೊಡಲು ಬಲ್ಲವರನ್ನೂ ಕಪಾಟಿನ ಪಕ್ಕದಲ್ಲಿ ಇಡಲು ತಮ್ಮಿಂದ ಆಗುವುದಿಲ್ಲವೇ? ಹೊಸ ಕಟ್ಟಡದ ಬಾಗಿಲಿಗೆ ರಿಬ್ಬನ್ ಕಟ್ಟಲು ಆಯಿತಲ್ಲ?

ನಮ್ಮ ಕಡೆಯ ಕೆಲಸವನ್ನು ನಾವು ಮಾಡಿದ್ದೇವೆ, ಅದನ್ನೂ ಹೇಳಿಬಿಡುತ್ತೇನೆ. ಸೂತಕ ಕಳೆದ ಮೇಲೆ ನಮ್ಮೂರ ಸಣ್ಣ ಬಸದಿಗೆ ಹೋಗಿ, ಪೂಜೆ ಮಾಡುವ ಇಂದ್ರರ ಮುಂದೆ ಕೂತೆ. ಎಂಬತ್ತು ದಾಟಿದ ಮುದುಕರು. ಕಿವಿ ಮಂದ. ಗಟ್ಟಿಯಾಗಿಯೇ ಕೇಳಿದೆ.

"ಇಂದ್ರರೇ, ವ್ರತ ಕೊಡುವಾಗ ಮದ್ದಿನ ಮಾತು ಯಾಕೆ ಹೇಳ್ಲಿಲ್ಲ ನೀವು?"

"ರೋಗಿಗೆ ವಿನಾಯಿತಿ ಶಾಸ್ತ್ರದಲ್ಲೇ ಇದೆಯಲ್ಲಮ್ಮ."

"ಶಾಸ್ತ್ರ ನಿಮ್ಮ ಹತ್ರ ಇತ್ತು. ಪುಷ್ಪಮ್ಮ ಮಾಸ್ತಮ್ಮನ ಜಗಲಿಯಲ್ಲಿದ್ಲು."

"ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ" ಎಂದರು ಅವರು. ಮರುದಿನ ಅಭಿಷೇಕ ಮುಗಿಸಿ, ಎಲ್ಲರನ್ನೂ ನಿಲ್ಲಿಸಿ ಹೇಳಿದರು: ಇನ್ನು ಮುಂದೆ ಈ ಬಸದಿಯಲ್ಲಿ ಸಂಕಲ್ಪ ಮಾಡುವವರು, ಮದ್ದು ಮತ್ತು ಮದ್ದಿಗೆ ಬೇಕಾದ ನೀರು, ಇವೆರಡರ ಹೊರತು ಎಂದು ಬಾಯಿಬಿಟ್ಟು ಹೇಳಿಯೇ ಕೈ ಮುಗಿಯಬೇಕು. ಹಾಗೆ ಹೇಳದವರಿಗೆ ನಾನು ವ್ರತ ಕೊಡುವುದಿಲ್ಲ. ಒಬ್ಬಿಬ್ಬರು ಗೊಣಗಿದರು. ಅವರು ಕೇಳಿಸಿಕೊಳ್ಳಲಿಲ್ಲ. ಕಿವಿ ಮಂದ ಎಂದೆನಲ್ಲ.

ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಸಂಕಲ್ಪಕ್ಕೆ ಒಂದು ಮಾತು ಸೇರಿಸಲು, ಎಂಬತ್ತು ದಾಟಿದ ಮುದುಕರಿಗೆ ಒಂದು ರಾತ್ರಿ ಸಾಕಾಯಿತು. ತಮ್ಮ ಆರ್ಡರು ಟೈಪಾಗಿ ಒಂದು ವರ್ಷವೂ ಆಗಿಲ್ಲ. ಅದು ಮಾತ್ರ ಅಲುಗಬಾರದೇ? ನಮ್ಮಿಬ್ಬರಲ್ಲಿ ಹಳೆಯ ಕಟ್ಟಲೆಗೆ ಜೋತುಬಿದ್ದವರು ಯಾರು?

ಮುಂದಿನ ಹುಣ್ಣಿಮೆಗೆ ಈ ವರ್ಷದ ಚತುರ್ಮಾಸ ಹಿಡಿಯುತ್ತದೆ. ಹೆಂಗಸರು ಸಾಲಾಗಿ ನಿಂತು ಕೈ ಮುಗಿಯುತ್ತಾರೆ. ಹೊಳೆಯಂಚಿನಲ್ಲಿ ಕೇದಿಗೆ ಮತ್ತೆ ಬಿಡುತ್ತದೆ. ಮುಳ್ಳು ಜಾತಿ ನೋಡಿ ಚುಚ್ಚುವುದಿಲ್ಲ. ಗದ್ದೆಯವರಿಗೂ ಚುಚ್ಚುತ್ತದೆ, ಮರ ಕಡಿಯುವವರಿಗೂ ಚುಚ್ಚುತ್ತದೆ. ಅವರಿಗೆ ವ್ರತವಿಲ್ಲ, ಆದರೂ ಸಂಜೆಯ ಸೂಜಿ ಇಲ್ಲದಿದ್ದರೆ ಅವರ ಗತಿಯೂ ಅದೇ. ಆದ್ದರಿಂದ ಇದನ್ನು ಬರೀ ನಮ್ಮ ಜನರ ಗೋಳೆಂದು ತಾವು ಪಕ್ಕಕ್ಕೆ ಇಡುವ ಹಾಗಿಲ್ಲ.

ಹುಣ್ಣಿಮೆಯೊಳಗೆ ತಮ್ಮಿಂದ ಆಗಬೇಕಾದದ್ದು ಇಷ್ಟು. ಸೂಜಿ ಸುರು ಮಾಡಿದ ರೋಗಿಗೆ ಅದು ಮುಗಿಯುವ ತನಕ ಎರಡು ಹೊತ್ತೂ ಸಿಗುವಂತೆ ಆಗಬೇಕು. ಡಾಕ್ಟರನ್ನು ಬೇರೆ ಕಡೆಗೆ ಕರೆಸುವುದಾದರೆ ಅವರ ಜಾಗದಲ್ಲಿ ಇನ್ನೊಬ್ಬರು ಕೂತ ಮೇಲೆ ಕರೆಸಬೇಕು. ಮಾತ್ರೆ ಕೊಡಲೇಬೇಕಾಗಿ ಬಂದರೆ, ಪೊಟ್ಟಣ ಕೈಗಿಡುವ ಮೊದಲು ರಾತ್ರಿ ಬಾಯಿಗೆ ಏನಾದರೂ ಹಾಕುತ್ತೀರಾ ಎಂದು ಕೇಳಬೇಕು. ಅದಕ್ಕೆ ಕಟ್ಟಡ ಬೇಡ, ಹಣ ಬೇಡ, ಡಿಗ್ರಿಯೂ ಬೇಡ.

ಇನ್ನೊಂದು ಉಳಿಯಿತು. ಇದು ಸೀಮೆಗಲ್ಲ, ನನಗೆ. ಅದೇ ಕಟ್ಟಡದ ಮುಂದೆ, ಅದೇ ಮೈಕಿನಲ್ಲಿ, ಆ ಹೆಂಗಸು ಮದ್ದು ನಿರಾಕರಿಸಲಿಲ್ಲ ಎಂದು ತಾವು ಹೇಳಬೇಕು. ಹೆಸರು ಹಿಡಿದು ಹೇಳಬೇಕು. ಹಾರ ಬೇಕಾದರೆ ಅಂದು ನಾವೇ ತರುತ್ತೇವೆ, ಕೇದಿಗೆಯದು. ಹಾಗೆ ಹೇಳುವ ಧೈರ್ಯವಿಲ್ಲದಿದ್ದರೆ, ಯಾವುದಾದರೂ ಒಂದು ದಿನ ಹೊತ್ತು ಮುಳುಗಿದ ಮೇಲೆ ಆ ಕಿಟಕಿಯ ಮುಂದೆ ಬಂದು, ಒಳಗೆ ತೋಳು ಚಾಚಿ ಸ್ವಲ್ಪ ಹೊತ್ತು ನಿಲ್ಲಿ. ಅಷ್ಟು ಮಾಡಿದರೂ ಸಾಕು.

ಇಂತಿ, ತಮ್ಮ ದೃಷ್ಟಾಂತದ ಹೆಂಗಸಿಗೆ ಸಂಜೆಗಳಲ್ಲಿ ಹೆಗಲು ಕೊಟ್ಟು ಕಿಟಕಿಯವರೆಗೆ ನಡೆಸಿ, ಬರಿಗೈಯಲ್ಲಿ ವಾಪಸು ಕರೆತಂದ ಅಕ್ಕ,

ಶಾಂತಮ್ಮ
ಹುಂಚದ ಹತ್ತಿರದ ಒಂದು ಹಳ್ಳಿ, ಹೊಸನಗರ ತಾಲ್ಲೂಕು
ಜೂನ್ ೧೯೬೫